ಜನವರಿಯಲ್ಲಿ ಕೈಕೊಡುವ ಕಾರು, ಮೇ ತಿಂಗಳಲ್ಲೇ ಸೋತ ಬ್ಯಾಟರಿ

ಮುಂಬಯಿ ಚಳಿ ಎಂದರೆ ಎಷ್ಟು? ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.4 ಡಿಗ್ರಿ. ಅದು 1962ರ ಜನವರಿ 22ರ ಮಾತು. ಅದೇ ದಿನ ಕೊಲಾಬಾದಲ್ಲಿ 11.7. ಈಗಿನ ಜನವರಿಗಳಲ್ಲಿ ಬೋರಿವಲಿ, ಮುಲುಂಡ್ ಕಡೆ ಬೆಳಗಿನ ಜಾವ ಹದಿನೈದಕ್ಕೆ ಇಳಿದರೆ ಸಾಕು, ಪೆಟ್ಟಿಗೆಯಿಂದ ಸ್ವೆಟರ್ ಹೊರಬರುತ್ತದೆ. ಅದರ ಜೊತೆಗೇ ಸೊಸೈಟಿ ಕಾಂಪೌಂಡುಗಳಲ್ಲಿ ಈ ಮಾತೂ ಶುರುವಾಗುತ್ತದೆ: "ಥಂಡಿಗೆ ಗಾಡಿ ಸ್ಟಾರ್ಟೇ ಆಗ್ತಿಲ್ಲ ನೋಡಿ."

ಹದಿನೈದು ಡಿಗ್ರಿ ಕಾರಿನ ಎಂಜಿನ್ನಿಗೆ ಚಳಿಯೇ ಅಲ್ಲ. ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-50 ಎಂದು ಬರೆದಿರುತ್ತದಲ್ಲ, ಅದರಲ್ಲಿ ಡಬ್ಲ್ಯೂ ಅಂದರೆ ವಿಂಟರ್. ಇವೆರಡರಲ್ಲಿ ಮಂದವಾದ 20ಡಬ್ಲ್ಯೂ ಆಯಿಲನ್ನೂ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಎಂಜಿನ್ ತಿರುಗುವಂತೆ ಪರೀಕ್ಷಿಸಿರುತ್ತಾರೆ. ಡೀಸೆಲ್ ಗಟ್ಟಿಯಾಗುತ್ತದೆ ಎನ್ನುವುದು ಲಡಾಖಿನ ಕಷ್ಟ. ಅಲ್ಲಿಗಾಗಿಯೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಠಾಣೆಯಲ್ಲಿ ಡೀಸೆಲ್ ಗಟ್ಟಿಯಾಗುವ ಪ್ರಶ್ನೆಯೇ ಇಲ್ಲ.

ಹಾಗಿದ್ದರೆ ಕಾರು ನಿಲ್ಲುವುದೇಕೆ? ಬಹುಪಾಲು ಸಲ ಬ್ಯಾಟರಿಯಿಂದ. ಆ ಬ್ಯಾಟರಿಯನ್ನು ಹಾಳು ಮಾಡಿದ್ದು ಚಳಿಯಲ್ಲ, ಅದಕ್ಕೂ ಮುಂಚಿನ ಸೆಕೆ. ಲೆಡ್ ಆಸಿಡ್ ಬ್ಯಾಟರಿಯ ಶತ್ರು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ, ಆಮೇಲೆ ನಾವೆಲ್ಲ ಬಲ್ಲ ಅಕ್ಟೋಬರ್ ಹೀಟಿನಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಟ್ರಾಫಿಕ್ಕಿನಲ್ಲಿ ಏಸಿ ಹಾಕಿಕೊಂಡು ತೆವಳುವಾಗ ಬಾನೆಟ್ ಒಳಗಿನ ಬಿಸಿ ಹೊರಗಿನದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ಒಳಗಿನ ನೀರು ಆರುತ್ತದೆ, ಪಾಸಿಟಿವ್ ಪ್ಲೇಟಿನ ಜಾಲರಿ ಸವೆಯುತ್ತದೆ. ಆದರೆ ಸೆಕೆಯಲ್ಲಿ ಆ ಸೋಲು ಗೊತ್ತಾಗುವುದಿಲ್ಲ, ಏಕೆಂದರೆ ಬಿಸಿಯಲ್ಲಿ ರಾಸಾಯನಿಕ ಕ್ರಿಯೆ ಚುರುಕಾಗಿರುತ್ತದೆ. ಜನವರಿಯ ಬೆಳಿಗ್ಗೆ ಅದರ ಶಕ್ತಿ ಶೇಕಡಾ ಹತ್ತರಷ್ಟು ಇಳಿಯಬಹುದು. ಗಟ್ಟಿಮುಟ್ಟಾದ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಮೂರು ನಾಲ್ಕು ಬೇಸಿಗೆ ಕಂಡದ್ದಕ್ಕೆ ಅಷ್ಟೇ ಸಾಕಾಗುತ್ತದೆ. ಆದ್ದರಿಂದ ಬ್ಯಾಟರಿ ಟೆಸ್ಟ್ ಮಾಡಿಸಲು ಸರಿಯಾದ ಸಮಯ ದೀಪಾವಳಿಯ ಆಸುಪಾಸು, ಚಳಿ ಬಿದ್ದು ಗಾಡಿ ನಿಂತ ಮೇಲಲ್ಲ.

"ಹಾರ್ನ್ ಬಡಿಯುತ್ತೆ, ಲೈಟೂ ಉರಿಯುತ್ತೆ, ಬ್ಯಾಟರಿ ಸರಿಯಾಗೇ ಇದೆ" ಎಂದು ವಾದಿಸುವವರು ಪ್ರತಿ ಕಟ್ಟಡದಲ್ಲೂ ಇದ್ದಾರೆ. ಎರಡು ಹ್ಯಾಲೊಜನ್ ಹೆಡ್‌ಲೈಟ್ ಸೇರಿ ಎಳೆಯುವುದು ಹತ್ತು ಆಂಪಿಯರಿನಷ್ಟು. ಸೆಲ್ಫ್ ಮೋಟಾರು ನೂರೈವತ್ತು, ಇನ್ನೂರು, ಡೀಸೆಲ್ ಗಾಡಿಯಾದರೆ ಅದಕ್ಕೂ ಹೆಚ್ಚು ಕೇಳುತ್ತದೆ. ಆದ್ದರಿಂದ ಲೈಟು ನೋಡಿ ತೀರ್ಪು ಕೊಡಬೇಡಿ. ಮೀಟರ್ 12 ವೋಲ್ಟ್ ತೋರಿಸಿದರೂ ಸಮಾಧಾನಪಡುವಂತಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ, ಬರೀ 12 ಅಂದರೆ ಕಾಲುಭಾಗ ಮಾತ್ರ ಉಳಿದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.

ಮೀಟರ್ ಇಲ್ಲದಿದ್ದರೆ ಕಿವಿ ಸಾಕು. ರೇಡಿಯೊ, ಫ್ಯಾನ್, ಏಸಿ ಎಲ್ಲ ಆಫ್ ಮಾಡಿ, ಕಿಟಕಿ ಇಳಿಸಿ ಕೀ ತಿರುಗಿಸಿ. ಟಕಟಕಟಕ ಎಂದು ಬೇಗಬೇಗ ಸದ್ದಾಗಿ ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ ಬ್ಯಾಟರಿ ಡೌನ್, ಇಲ್ಲವೇ ಟರ್ಮಿನಲ್ ಸಡಿಲ. ದೀಪ ಮಂಕಾಗದೆ ಒಂದೇ ಒಂದು "ಟಕ್" ಕೇಳಿದರೆ ಸೆಲ್ಫ್ ಮೋಟಾರಿನ ಕಡೆ ನೋಡಬೇಕು. ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದಾದರೆ ಬ್ಯಾಟರಿಯನ್ನು ಬೈದು ಪ್ರಯೋಜನವಿಲ್ಲ. ಪೆಟ್ರೋಲ್, ಸ್ಪಾರ್ಕ್ ಅಥವಾ ಕೀಯಲ್ಲಿರುವ ಇಮ್ಮೊಬಿಲೈಸರ್ ಕಾರಣವಿರಬಹುದು. ನಮ್ಮ ಊರಿನಲ್ಲಿ ಇಲಿ ಕಡಿದ ವೈರನ್ನೂ ಮರೆಯುವಂತಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿ "ಸ್ಟಾರ್ಟ್ ಆಗ್ತಿಲ್ಲ" ಎನ್ನುವ ಬದಲು ಈ ಸದ್ದನ್ನು ಹೇಳಿದರೆ ಆತ ಸರಿಯಾದ ಸಾಮಾನು ಹಿಡಿದು ಬರುತ್ತಾನೆ.

ಬಾನೆಟ್ ಎತ್ತಿದಾಗ ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಂಡರೆ ಬ್ಯಾಟರಿ ಬದಲಿಸುವ ಮುಂಚೆ ಅದನ್ನು ತೆಗೆಸಿ. ಕಡಲ ಗಾಳಿಯ ಈ ಊರಿನಲ್ಲಿ ಅದು ಬೇಗ ಕಟ್ಟುತ್ತದೆ. ಕರಿ ವೈರು, ಆಮೇಲೆ ಕೆಂಪು ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ಒರೆಸಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ಆಯಿತು. ಕೂರಿಸುವಾಗ ಕೆಂಪು ಮೊದಲು, ಕರಿ ಕೊನೆಗೆ.

ಕೀ ತಿರುಗಿಸುವ ಮುಂಚೆ ಆಕ್ಸಿಲರೇಟರನ್ನು ನಾಲ್ಕು ಸಲ ಒತ್ತುವ ಅಭ್ಯಾಸ ಪ್ರೀಮಿಯರ್ ಪದ್ಮಿನಿ ಕಾಲದ್ದು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಗಾಡಿಯಲ್ಲಿ ಕಾರ್ಬುರೇಟರ್ ಇತ್ತು, ಚೋಕ್ ಎಳೆಯಬೇಕಿತ್ತು, ಆಗ ಅದು ಸರಿಯೇ ಆಗಿತ್ತು. ತಾಡದೇವ್ ಆರ್‌ಟಿಓದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೂ 2023ರ ಅಕ್ಟೋಬರಿನಲ್ಲಿ ಅವಧಿ ಮುಗಿಯಿತು. ಅಭ್ಯಾಸ ಮಾತ್ರ ಹೋಗಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಹಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಪೆಟ್ರೋಲ್ ನಿಂತೇ ಹೋಗುತ್ತದೆ. ಕೀ ಆನ್ ಮಾಡಿ ಎರಡು ಸೆಕೆಂಡು ತಾಳಿ, ಪಂಪ್ ಒತ್ತಡ ಕಟ್ಟಲಿ. ಡೀಸೆಲ್ ಆದರೆ ಹೀಟರ್ ದೀಪ ಆರಲಿ. ಆಮೇಲೆ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯದೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ದಿನಾ ಐದು ನಿಮಿಷ ಎಂಜಿನ್ ಆನ್ ಮಾಡಿಟ್ಟರೆ ಬ್ಯಾಟರಿ ಚೆನ್ನಾಗಿರುತ್ತದೆ ಎನ್ನುವುದು ನನಗೆ ಬಹಳ ಬೇಸರ ತರುವ ನಂಬಿಕೆ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜು ಅಷ್ಟು ಹೊತ್ತಿನಲ್ಲಿ ವಾಪಸು ತುಂಬುವ ಭರವಸೆಯಿಲ್ಲ. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವವರೆಗೆ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಮುಂಬಯಿ ಗಾಳಿ ವರ್ಷದಲ್ಲೇ ಅತಿ ಹೆಚ್ಚು ಕೆಡುವ ತಿಂಗಳುಗಳಲ್ಲಿ, ಶಾಲೆಯ ಬಸ್ಸಿಗೆ ಕಾಯುವ ಮಕ್ಕಳ ಮೂಗಿನ ಮಟ್ಟಕ್ಕೆ ಆ ಹೊಗೆ ಹೋಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್ ಆದರೆ ಕಾರ್ಬನ್ ಮೊನಾಕ್ಸೈಡ್‌ನಿಂದ ಪ್ರಾಣಕ್ಕೇ ಅಪಾಯ. ಸ್ಟಾರ್ಟ್ ಆದ ಅರ್ಧ ನಿಮಿಷಕ್ಕೆ ನಿಧಾನವಾಗಿ ಹೊರಡಿ, ಎಂಜಿನ್ ಓಡುತ್ತಲೇ ಬಿಸಿಯಾಗುತ್ತದೆ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಓಡಿಸಿದರೆ ಬ್ಯಾಟರಿಗೆ ಒಳ್ಳೆಯದು. ತಿಂಗಳ ಮಟ್ಟಿಗೆ ಉಡುಪಿಗೋ ಧಾರವಾಡಕ್ಕೋ ಹೋಗುವವರು ಕಂಪನಿಯ ಪುಸ್ತಕ ನೋಡಿಕೊಂಡು ಬ್ಯಾಟರಿಯ ಕರಿ ವೈರು ಬಿಚ್ಚಿಟ್ಟು ಹೋಗಬಹುದು.

ಸಿಎನ್‌ಜಿ ಗಾಡಿಯವರಿಗೆ ಬೇರೆಯೇ ಒಂದು ತೊಂದರೆಯಿದೆ. ಗ್ಯಾಸಿನಲ್ಲೇ ಸ್ಟಾರ್ಟ್ ಆಗುವ ಕೆಲವು ಹೊಸ ಮಾದರಿಗಳನ್ನು ಬಿಟ್ಟರೆ, ಹೆಚ್ಚಿನವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯೇರಿದ ಮೇಲೆ ಗ್ಯಾಸಿಗೆ ಬದಲಾಗುತ್ತವೆ. ಗ್ಯಾಸ್ ಅಗ್ಗವೆಂದು ಪೆಟ್ರೋಲ್ ಟ್ಯಾಂಕನ್ನು ತಿಂಗಳುಗಟ್ಟಲೆ ತಳಕ್ಕೆ ಮುಟ್ಟಿಸಿದರೆ, ಉಳಿದ ಪೆಟ್ರೋಲ್ ಹಳತಾಗುತ್ತದೆ. ಟ್ಯಾಂಕಿನೊಳಗಿನ ಪಂಪಿಗೆ ತಂಪು ಕೊಡುವುದೂ ಆ ಪೆಟ್ರೋಲೇ ಆದ್ದರಿಂದ ಪಂಪ್ ಸುಡುತ್ತದೆ. ಬೆಳಿಗ್ಗೆ ತೊಂದರೆ ಕೊಡುವ ಸಿಎನ್‌ಜಿ ಕಾರಿನಲ್ಲಿ ಮೊದಲು ಪೆಟ್ರೋಲ್ ಮುಳ್ಳು ನೋಡಿ. ಕಾಲು ಟ್ಯಾಂಕ್ ಇರಲಿ, ಆಗಾಗ ಒಂದಷ್ಟು ದೂರ ಪೆಟ್ರೋಲಿನಲ್ಲೂ ಓಡಲಿ.

ಕೊನೆಗೆ ಧಕ್ಕಾ. ಮಾಮೂಲಿ ಗೇರಿನ ಗಾಡಿಯನ್ನು ಸೆಕೆಂಡ್ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು, ಆದರೆ ಸ್ಟೇರಿಂಗೂ ಬ್ರೇಕೂ ಭಾರವಾಗಿರುತ್ತವೆ, ಇಳಿಜಾರಿನಲ್ಲಿ ಎಚ್ಚರ. ಆಟೊಮ್ಯಾಟಿಕ್ ಗಾಡಿಯನ್ನು ತಳ್ಳಬೇಡಿ, ಅದಕ್ಕೆ ಜಂಪರ್ ಕೇಬಲ್ಲೇ ಗತಿ. ಕೆಂಪಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯದರ ಪ್ಲಸ್‌ಗೆ. ಕರಿಯ ಒಂದು ತುದಿ ಒಳ್ಳೆಯದರ ಮೈನಸ್‌ಗೆ. ಉಳಿದ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ಅದೇ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರಬಹುದು, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು. ಸ್ಟಾರ್ಟ್ ಆದ ಮೇಲೆ ಟರ್ಮಿನಲ್ಲಿನಲ್ಲಿ ಮೀಟರ್ 13.8ರಿಂದ 14.4 ವೋಲ್ಟಿನ ನಡುವೆ ತೋರಿಸಬೇಕು. ಅಷ್ಟು ಬರದಿದ್ದರೆ ಕೆಟ್ಟಿರುವುದು ಆಲ್ಟರ್ನೇಟರ್, ಅದನ್ನು ಸರಿಮಾಡಿಸದೆ ಹೊಸ ಬ್ಯಾಟರಿಗೆ ದುಡ್ಡು ಕೊಡಬೇಡಿ.