ಗುರಿ ಅಭ್ಯಾಸಕ್ಕಾಗಿ ಮೊದಲ ಪಿಸ್ತೂಲಿನ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಪಿಸ್ತೂಲು ಶೂಟಿಂಗ್ ಕ್ರೀಡೆಯನ್ನು ಹೊಸದಾಗಿ ಆರಂಭಿಸಲು ಇಚ್ಛಿಸುವ ನಾಗರಿಕರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಯಾವ ಪಿಸ್ತೂಲನ್ನು ಕೊಳ್ಳಬೇಕು ಎಂಬುದು. ಅದಕ್ಕೂ ಮುನ್ನ ತೀರ್ಮಾನಿಸಬೇಕಾದುದು ಯಾವ ಸ್ಪರ್ಧೆಗಾಗಿ ಅಭ್ಯಾಸ ಮಾಡಬೇಕು ಎಂಬುದು. ಪಿಸ್ತೂಲಿನ ಬೋರ್, ತೂಕ, ಟ್ರಿಗರ್ ಹಾಗೂ ಪರವಾನಗಿಯ ಅಗತ್ಯ ಇವೆಲ್ಲವೂ ಸ್ಪರ್ಧೆಯನ್ನು ಅವಲಂಬಿಸಿವೆ. ಇದನ್ನು ತಿಳಿಯದೆ ಮುಂಗಡ ಹಣ ಪಾವತಿಸಿದವರು ಅಭ್ಯಾಸಕ್ಕೆ ಒದಗದ ಆಯುಧವನ್ನು ಕೊಳ್ಳುವ ಅಥವಾ ಪರವಾನಗಿ ದೊರೆಯದೆ ನಷ್ಟಕ್ಕೆ ಒಳಗಾಗುವ ಸಂಭವವಿರುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಸ್ಪರ್ಧೆಗಳು ಮತ್ತು ಪಿಸ್ತೂಲಿನ ವಿಧಗಳು

ಅಂತರರಾಷ್ಟ್ರೀಯ ನಿಯಮಗಳನ್ವಯ ಪಿಸ್ತೂಲು ಸ್ಪರ್ಧೆಗಳಲ್ಲಿ ಆರಂಭಿಕರಿಗೆ ಸಂಬಂಧಿಸಿದವು ಮುಖ್ಯವಾಗಿ ಎರಡು.

(ಅ) 10 ಮೀಟರ್ ಏರ್ ಪಿಸ್ತೂಲು: ಒತ್ತಿದ ಗಾಳಿಯ ಬಲದಿಂದ 4.5 ಮಿ.ಮೀ. ಸೀಸದ ಪೆಲೆಟ್ ಹಾರಿಸುವ ಪಿಸ್ತೂಲು. ತೂಕ 1,500 ಗ್ರಾಂ ಮೀರಬಾರದು. ಟ್ರಿಗರ್ ಎಳೆತ 500 ಗ್ರಾಂಗಿಂತ ಕಡಿಮೆಯಿರಬಾರದು.

(ಆ) 25 ಮೀಟರ್ ಪಿಸ್ತೂಲು: .22 ಬೋರ್ ತೋಟಾ ಬಳಸುವ ಪಿಸ್ತೂಲು. ತೂಕ 1,400 ಗ್ರಾಂ ಮೀರಬಾರದು. ಟ್ರಿಗರ್ ಎಳೆತ 1,000 ಗ್ರಾಂಗಿಂತ ಕಡಿಮೆಯಿರಬಾರದು.

ಎರಡೂ ಸ್ಪರ್ಧೆಗಳಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು ಹಾರಿಸಬೇಕು. ದೂರದರ್ಶಕ ಅಥವಾ ಲೇಸರ್ ಸಾಧನಗಳಿಗೆ ಅವಕಾಶವಿಲ್ಲ.

ಆತ್ಮರಕ್ಷಣೆಗೆಂದು ತಯಾರಾಗುವ ಗಿಡ್ಡ ನಳಿಕೆಯ .32 ರಿವಾಲ್ವರ್ ಗುರಿ ಅಭ್ಯಾಸಕ್ಕೆ ಸೂಕ್ತವಾದುದಲ್ಲ. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವಿನ ಅಂತರ ಕಡಿಮೆಯಾದಷ್ಟೂ ಕೈಯ ಅಲ್ಪ ದೋಷವೂ ಗುರಿಹಲಗೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರ್‌ಗೆ ಸೇರಿರುವುದರಿಂದ ಸಾಮಾನ್ಯ ಅರ್ಜಿದಾರರು ಅದನ್ನು ಪರಿಗಣಿಸುವ ಅಗತ್ಯವಿಲ್ಲ.

2. ಪರವಾನಗಿಯ ಅಗತ್ಯವಿಲ್ಲದ ಏರ್ ಪಿಸ್ತೂಲು

ಆಯುಧ ನಿಯಮಗಳು, 2016ರ ಪ್ರಕಾರ 0.177 ಅಂಗುಲ (4.5 ಮಿ.ಮೀ.) ಮೀರದ ಬೋರ್ ಮತ್ತು 20 ಜೌಲ್ ಮೀರದ ಶಕ್ತಿಯುಳ್ಳ ಗಾಳಿ ಆಯುಧಕ್ಕೆ ಪರವಾನಗಿ ಅಗತ್ಯವಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲು ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗದಲ್ಲಿ ಹಾರಿಸುತ್ತದೆ. ಇದರ ಶಕ್ತಿ 6 ಜೌಲ್‌ಗೆ ಸಮೀಪವಾದುದು. ಇದನ್ನು ಅಧಿಕೃತ ಮಾರಾಟಗಾರರಿಂದ, ಗುರುತು ಮತ್ತು ವಿಳಾಸದ ದಾಖಲೆ ನೀಡಿ, ರಸೀದಿ ಪಡೆದು ಖರೀದಿಸುವುದು.

ಪರವಾನಗಿ ಬೇಡವೆಂದ ಮಾತ್ರಕ್ಕೆ ಏರ್ ಪಿಸ್ತೂಲು ಆಟಿಕೆಯಲ್ಲ. ಅದರ ಪೆಲೆಟ್ ತಗುಲಿದರೆ ಕಣ್ಣು ಶಾಶ್ವತವಾಗಿ ನಷ್ಟವಾಗಬಹುದು. ಕ್ರೀಡೆಯ ದೃಷ್ಟಿಯಿಂದಲೂ ಇದು ಕೆಳದರ್ಜೆಯ ಸಾಧನವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು ಗಳಿಸಿದ ಎರಡು ಕಂಚಿನ ಪದಕಗಳೂ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬಂದವು. ಹೀಗಾಗಿ ಹೊಸಬರಿಗೆ ಮೊದಲ ಪಿಸ್ತೂಲಾಗಿ ಸೂಕ್ತವಾದುದು ಇದೇ ಆಗಿರುತ್ತದೆ.

3. ಆಯ್ಕೆಯ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು

(ಅ) ಮೊದಲ ಕೆಲವು ತಿಂಗಳು ರೈಫಲ್ ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ಮಾಡುವುದು ಲೇಸು. ಬೇರೆ ಬೇರೆ ಪಿಸ್ತೂಲುಗಳನ್ನು ಹಿಡಿದು ನೋಡಿದ ನಂತರವೇ ಕೈಗೆ ಹೊಂದುವುದು ಯಾವುದೆಂದು ತಿಳಿಯುತ್ತದೆ.

(ಆ) ಹಿಡಿಯ ಅಳತೆ ಅತಿ ಮುಖ್ಯವಾದುದು. ಹಿಡಿಗಳು ಸಣ್ಣ, ಮಧ್ಯಮ ಮತ್ತು ದೊಡ್ಡ ಅಳತೆಗಳಲ್ಲಿ ದೊರೆಯುತ್ತವೆ. ಎಡಗೈಯವರಿಗೆ ಪ್ರತ್ಯೇಕ ಹಿಡಿ ಅಗತ್ಯ. ಕಣ್ಣು ಮುಚ್ಚಿ ತೋಳು ಚಾಚಿ, ಕಣ್ಣು ತೆರೆದಾಗ ಸೈಟ್‌ಗಳು ಒಂದೇ ಸಾಲಿನಲ್ಲಿ ಕಂಡರೆ ಹಿಡಿ ಹೊಂದಿದೆ ಎಂದು ತಿಳಿಯಬಹುದು.

(ಇ) ಸ್ಪ್ರಿಂಗ್ ಬಲದ ಅಗ್ಗದ ಪಿಸ್ತೂಲುಗಳು ಹಾರಿಸುವಾಗ ಅದುರುತ್ತವೆ. ಮುಂಚಿತವಾಗಿ ಗಾಳಿ ತುಂಬಿದ ಸಿಲಿಂಡರ್ ಉಳ್ಳವು ಅಥವಾ ಒಂದೇ ಬಾರಿ ಕೈಯಿಂದ ಒತ್ತಿ ಗಾಳಿ ತುಂಬುವಂಥವು ಸ್ಥಿರವಾಗಿರುತ್ತವೆ.

(ಈ) ಬಳಸಿದ ಪಿಸ್ತೂಲನ್ನು ಕೊಳ್ಳುವವರು ಸಿಲಿಂಡರ್ ಮೇಲೆ ನಮೂದಿಸಿದ ದಿನಾಂಕವನ್ನು ಪರಿಶೀಲಿಸುವುದು. ಅವಧಿ ಮೀರಿದ ಸಿಲಿಂಡರ್ ಅಪಾಯಕಾರಿ.

(ಉ) ಹತ್ತಿರದಲ್ಲಿ ದುರಸ್ತಿ, ಬಿಡಿಭಾಗ ಮತ್ತು ಗಾಳಿ ತುಂಬುವ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು.

4. .22 ಪಿಸ್ತೂಲಿಗೆ ಪರವಾನಗಿ

.22 ಪಿಸ್ತೂಲನ್ನು ಹೊಂದಲು ಆಯುಧ ಅಧಿನಿಯಮ, 1959ರ ಪ್ರಕರಣ 3ರ ಮೇರೆಗೆ ಪರವಾನಗಿ ಕಡ್ಡಾಯ. ಅರ್ಜಿದಾರರಿಗೆ 21 ವರ್ಷ ಪೂರ್ಣಗೊಂಡಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳೂ ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರೂ ಪರವಾನಗಿ ಪ್ರಾಧಿಕಾರವಾಗಿರುತ್ತಾರೆ. ಅರ್ಜಿಯನ್ನು ನಮೂನೆ ಎ-1ರಲ್ಲಿ ಸಲ್ಲಿಸತಕ್ಕದ್ದು. ವೈದ್ಯಕೀಯ ಪ್ರಮಾಣಪತ್ರ, ಆಯುಧ ಸುರಕ್ಷತಾ ತರಬೇತಿ ಮತ್ತು ಪೊಲೀಸ್ ವರದಿ ಈ ಪ್ರಕ್ರಿಯೆಯ ಭಾಗಗಳಾಗಿವೆ.

ಇಲ್ಲಿ ಅರ್ಜಿದಾರರು ವಿಶೇಷವಾಗಿ ತಿಳಿಯಬೇಕಾದ ಒಂದು ವ್ಯತ್ಯಾಸವಿದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ ಬಗ್ಗೆ ಅಧಿನಿಯಮದ ಪ್ರಕರಣ 13ರಲ್ಲಿ ಸ್ಪಷ್ಟ ಉಲ್ಲೇಖವಿದೆ. ಪಿಸ್ತೂಲಿನ ಬಗ್ಗೆ ಅಂತಹ ಉಲ್ಲೇಖವಿಲ್ಲ. ಪಿಸ್ತೂಲು ಕೋರುವವರು ಅದಕ್ಕೆ ಸಕಾರಣವಿದೆಯೆಂದು ಪ್ರಾಧಿಕಾರಕ್ಕೆ ಮನದಟ್ಟು ಮಾಡಿಕೊಡಬೇಕು. ಕ್ಲಬ್ ಸದಸ್ಯತ್ವ, ಹಾಜರಾತಿ, ಸ್ಪರ್ಧೆಗಳ ಅಂಕಪಟ್ಟಿ ಮತ್ತು ತರಬೇತುದಾರರ ಪತ್ರ ಇದಕ್ಕೆ ಆಧಾರವಾಗುತ್ತವೆ. ಏರ್ ಪಿಸ್ತೂಲಿನಲ್ಲಿ ಕಳೆದ ಕಾಲ ವ್ಯರ್ಥವಲ್ಲ. ಮುಂದಿನ ಅರ್ಜಿಗೆ ಅದೇ ಬಲ.

2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬ ವ್ಯಕ್ತಿ 2 ಬಂದೂಕುಗಳನ್ನು ಮಾತ್ರ ಹೊಂದಬಹುದು. ಪಿಸ್ತೂಲೂ ಈ ಲೆಕ್ಕಕ್ಕೆ ಸೇರುತ್ತದೆ. ಪರವಾನಗಿಯ ಅವಧಿ 5 ವರ್ಷ. ಹೆಸರಾಂತ ಕ್ರೀಡಾಪಟುಗಳಿಗೆ ಪ್ರತ್ಯೇಕ ವಿನಾಯಿತಿಗಳಿವೆ. ಮಿತಿ ಎರಡೇ ಆಗಿರುವುದರಿಂದ ಆಯ್ಕೆ ವಿವೇಚನೆಯಿಂದ ಕೂಡಿರಲಿ.

ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯು ರೈಫಲ್ ಮತ್ತು ನಳಿಕೆ ಕೋವಿಗೆ ಸಂಬಂಧಿಸಿದ್ದು. ಪಿಸ್ತೂಲು ಬಯಸುವವರು ಅದನ್ನು ಆಧರಿಸದೆ ಪರವಾನಗಿ ಪಡೆಯತಕ್ಕದ್ದು.

5. ಅರ್ಜಿ ತಿರಸ್ಕೃತವಾದಲ್ಲಿ

ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣದಿಂದ ಪರವಾನಗಿಯನ್ನು ನಿರಾಕರಿಸುವಂತಿಲ್ಲ. ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಾಸಕ್ತಿಗೆ ಬಾಧಕವಲ್ಲದಿದ್ದರೆ, ಅರ್ಜಿದಾರರು ಕೋರಿದಾಗ ಅವುಗಳ ಸಂಕ್ಷಿಪ್ತ ಹೇಳಿಕೆಯನ್ನು ನೀಡಬೇಕು. ಪ್ರಕರಣ 18ರಂತೆ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಪರವಾನಗಿ ಕೈಸೇರುವ ಮೊದಲು ಆಯುಧಕ್ಕಾಗಿ ಯಾರಿಗೂ ಹಣ ಪಾವತಿಸಬಾರದು. ಪರವಾನಗಿಯಿಲ್ಲದೆ ಬಂದೂಕು ಹೊಂದಿದಲ್ಲಿ 2ರಿಂದ 5 ವರ್ಷಗಳ ಕಾರಾಗೃಹ ವಾಸ ಮತ್ತು ದಂಡ ವಿಧಿಸಬಹುದಾಗಿದೆ.

6. ಮನೆಯಲ್ಲಿ ಮತ್ತು ರೇಂಜ್‌ನಲ್ಲಿ ಸುರಕ್ಷತೆ

(ಅ) ಪ್ರತಿಯೊಂದು ಪಿಸ್ತೂಲನ್ನೂ ಗುಂಡು ತುಂಬಿದೆ ಎಂದೇ ಭಾವಿಸಿ ಹಿಡಿಯುವುದು. ನಳಿಕೆಯನ್ನು ಎಂದಿಗೂ ಮನುಷ್ಯರ ಕಡೆಗೆ ತಿರುಗಿಸಬಾರದು.

(ಆ) ಗುರಿ ಹಿಡಿಯುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು.

(ಇ) ಮನೆಯಲ್ಲಿ ಪಿಸ್ತೂಲನ್ನು ಖಾಲಿ ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಡುವುದು. ತೋಟಾ ಅಥವಾ ಪೆಲೆಟ್‌ಗಳನ್ನು ಬೇರೆಡೆ ಬೀಗ ಹಾಕಿ ಇಡುವುದು. ಮಕ್ಕಳ ಕೈಗೆ ಬೀಗದ ಕೈ ಸಿಗಬಾರದು.

(ಈ) ಕಣ್ಣಿಗೆ ರಕ್ಷಣಾ ಕನ್ನಡಕ, .22 ಹಾರಿಸುವಾಗ ಕಿವಿಗೂ ರಕ್ಷಣೆ ಅಗತ್ಯ. ಸೀಸವು ವಿಷಕಾರಿಯಾದ ಕಾರಣ ಅಭ್ಯಾಸದ ನಂತರ ಕೈ ತೊಳೆಯದೆ ಏನನ್ನೂ ಸೇವಿಸಬಾರದು.

(ಉ) ಮದುವೆ, ಮೆರವಣಿಗೆ, ಹಬ್ಬಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತಂದಲ್ಲಿ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸಾರಾಂಶವಾಗಿ, ಮೊದಲು ಕ್ಲಬ್ಬಿನ ಸದಸ್ಯತ್ವ, ಆನಂತರ ಏರ್ ಪಿಸ್ತೂಲು, ಅಭ್ಯಾಸ ಸ್ಥಿರವಾದ ಮೇಲೆ .22 ಪಿಸ್ತೂಲಿನ ಪರವಾನಗಿಗೆ ಅರ್ಜಿ, ಪರವಾನಗಿ ದೊರೆತ ಬಳಿಕ ಖರೀದಿ. ಈ ಕ್ರಮವನ್ನು ಅನುಸರಿಸಿ ಸಹಕರಿಸಬೇಕೆಂದು ನಾಗರಿಕರನ್ನು ಕೋರಲಾಗಿದೆ.