ಗೋಲಿನ ಹಿಂದಿನ ಕುರ್ಚಿ

ನಮ್ಮ ಮನೆಯ ಟಿವಿಯಲ್ಲಿ ಹಾಕಿ ಶುರುವಾದರೆ ಜಗಳವೂ ಶುರು. ಯಾರು ಗೆಲ್ಲಬೇಕು ಎಂಬುದಕ್ಕಲ್ಲ, ಆಟವನ್ನು ಯಾವ ಕಡೆಯಿಂದ ತೋರಿಸಬೇಕು ಎಂಬುದಕ್ಕೆ. ಅಣ್ಣ ಕಾಲೇಜಿನಲ್ಲಿ ಸೆಂಟರ್ ಹಾಫ್ ಆಡಿದವನು. ಅವನಿಗೆ ಮೈದಾನ ಅಗಲವಾಗಿ ಕಾಣಬೇಕು. ನಾನು ಗೋಲ್‌ಕೀಪರ್, ನನಗೆ ಬಲೆಯ ಹಿಂದಿನಿಂದ ಕಾಣಬೇಕು. ಪೆನಾಲ್ಟಿ ಕಾರ್ನರ್ ಸಿಕ್ಕಿದೊಡನೆ ‘ಹಿಂದಿನ ಕ್ಯಾಮೆರಾ ಹಾಕ್ರೋ’ ಎಂದು ಟಿವಿಗೆ ಕೂಗುತ್ತೇನೆ. ಅರವತ್ತು ದಾಟಿದರೂ ಆ ಚಾಳಿ ಬಿಟ್ಟಿಲ್ಲ.

ರೇಡಿಯೊ ಕಾಲದಲ್ಲಿ ಈ ತಂಟೆ ಇರಲಿಲ್ಲ. 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್. ನಮ್ಮ ಕೊಡಗಿನ ಬಿ.ಪಿ. ಗೋವಿಂದ ತಂಡದಲ್ಲಿದ್ದರು, ಹಾಗಾಗಿ ರೇಡಿಯೊ ಸುತ್ತ ಅಕ್ಕಪಕ್ಕದ ಮನೆಯವರೂ ಸೇರಿದ್ದರು. ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿತು. ಅಶೋಕ್ ಕುಮಾರ್ ಹೊಡೆದ ಗೆಲುವಿನ ಚೆಂಡು ಗೋಲಿನ ಮೂಲೆಗೆ ಬಡಿದು ಆಚೆ ಚಿಮ್ಮಿತು; ಅದು ಗೋಲೇ ಅಲ್ಲವೆಂದು ಪಾಕಿಸ್ತಾನದವರು ತಕರಾರು ತೆಗೆದರು, ಅಂಪೈರ್ ಜಗ್ಗಲಿಲ್ಲ. ಆ ಗೋಲನ್ನು ನಾವಿಬ್ಬರೂ ಕಣ್ಣಾರೆ ಕಂಡವರಂತೆ ಇವತ್ತಿಗೂ ಹೇಳುತ್ತೇವೆ. ವಿಚಾರಿಸಿ ನೋಡಿದರೆ, ಅಣ್ಣ ಅದನ್ನು ಮೇಲಿನಿಂದ ಕಂಡಿದ್ದ, ನಾನು ಪಾಕಿಸ್ತಾನದ ಗೋಲಿನೊಳಗೆ ನಿಂತು ಕಂಡಿದ್ದೆ.

ಟಿವಿ ಹಾಕಿಯಲ್ಲಿ ಮುಖ್ಯ ಕ್ಯಾಮೆರಾ ಇರುವುದು ಮಧ್ಯಗೆರೆಯ ನೇರಕ್ಕೆ, ಪ್ರೇಕ್ಷಕರ ಸ್ಟ್ಯಾಂಡಿನ ಮೇಲುಗಡೆ. ಅಲ್ಲಿಂದ ಅದು ಚೆಂಡಿನ ಜೊತೆ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತದೆ. ಮೈದಾನದ ಉದ್ದ 91.4 ಮೀಟರ್, ಅಗಲ 55. ಅಷ್ಟನ್ನೂ ಒಟ್ಟಿಗೆ ತೋರಿಸಿದರೆ ಆಟಗಾರರು ಕಡ್ಡಿಗಳಾಗುತ್ತಾರೆ. ತೀರಾ ಹತ್ತಿರಕ್ಕೆ ಎಳೆದರೆ ಚೆಂಡು ಇರುವಲ್ಲಿ ಏನಾಗುತ್ತಿದೆ ಎಂಬುದಷ್ಟೇ ಉಳಿಯುತ್ತದೆ. ಇವೆರಡರ ನಡುವೆ ಹದ ಹಿಡಿಯುವುದೇ ಕ್ಯಾಮೆರಾದವನ ಕಸುಬು.

ಅಣ್ಣನ ವಾದ ಕಾಫಿ ಕಣದ್ದು. ಕಣದಲ್ಲಿ ಕುಕ್ಕರುಗಾಲಲ್ಲಿ ಕೂತರೆ ಎದುರಿನ ಒಂದು ರಾಶಿ ಮಾತ್ರ ಕಾಣುತ್ತದೆ. ಮನೆಯ ಮಹಡಿ ಹತ್ತಿ ನೋಡಿ, ರಾಶಿಗಳ ನಡುವಿನ ದಾರಿಗಳು ಕಾಣುತ್ತವೆ. ಹಾಕಿಯಲ್ಲಿ ಪಾಸ್ ಹೋಗುವುದು ಆ ದಾರಿಗಳಲ್ಲೇ. ಅದರಲ್ಲೂ 1990ರ ದಶಕದಲ್ಲಿ ಆಫ್‌ಸೈಡ್ ನಿಯಮ ತೆಗೆದುಹಾಕಿದ ಮೇಲೆ ಫಾರ್ವರ್ಡ್ ಎದುರಾಳಿ ಗೋಲಿನ ಹತ್ತಿರವೇ ಹೊಂಚು ಹಾಕಬಹುದು. ಹಿಂದಿನಿಂದ ಡಿಫೆಂಡರ್ ಎಲ್ಲರ ತಲೆ ಮೇಲಿಂದ ಚೆಂಡನ್ನು ಎತ್ತಿ ಎಸೆದಾಗ, ಕಿರಿದಾದ ಚಿತ್ರದಲ್ಲಿ ಅದು ಪರದೆಯ ಮೇಲಂಚಿನಲ್ಲಿ ಮಾಯ. ಅಗಲದ ಚಿತ್ರದಲ್ಲಾದರೆ ಅದು ಯಾರಿಗೆಂದು ನಮಗೆ ಮೊದಲೇ ಗೊತ್ತು. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಓಡುತ್ತಿದ್ದ ಕಾಲದಲ್ಲಿ ಅಣ್ಣ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಸುನಿಲ್ ಯಾವಾಗ ಕಾಲು ಕಿತ್ತ ಎಂದಷ್ಟೇ ನೋಡುತ್ತಿದ್ದ.

ದೂರದ ಈ ನೋಟಕ್ಕೆ ತೆರಬೇಕಾದ ಸುಂಕ ಚೆಂಡಿನದು. ಅದು ಕ್ರಿಕೆಟ್ ಚೆಂಡಿನಷ್ಟೇ ದಪ್ಪ, ಹೋಗುವುದು ನೆಲಕ್ಕಂಟಿಕೊಂಡು. ಹಸಿರು ಹಾಸಿನ ಮೇಲೆ ಬಿಳಿ ಚೆಂಡು ಬಿಳಿ ಗೆರೆಗೆ ಬಂದರೆ ಮುಗಿಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನೀಲಿ ಹಾಸು ಹಾಕಿ, ಹಳದಿ ಚೆಂಡು ತಂದ ಮೇಲೆ ನನ್ನಂಥ ಕನ್ನಡಕದವರು ಬದುಕಿಕೊಂಡೆವು. ಅಮೆರಿಕದವರು ಐಸ್ ಹಾಕಿಗೆ ಬೇರೆ ಉಪಾಯ ಹೂಡಿದ್ದರು: 1996ರಲ್ಲಿ ಫಾಕ್ಸ್ ವಾಹಿನಿ ಕಪ್ಪು ಬಿಲ್ಲೆಯಂಥ ಪಕ್‌ನೊಳಗೆ ಎಲೆಕ್ಟ್ರಾನಿಕ್ಸ್ ಹುದುಗಿಸಿ, ಟಿವಿಯಲ್ಲಿ ಅದರ ಸುತ್ತ ನೀಲಿ ಹೊಳಪು ಬರಿಸಿತು; ಜೋರಾಗಿ ಹೊಡೆದರೆ ಕೆಂಪು ಬಾಲ. ಆಟದ ಹಳೇ ಪ್ರೇಮಿಗಳು ಮುಖ ಸಿಂಡರಿಸಿದರು. ಎರಡೇ ವರ್ಷಕ್ಕೆ ಅದು ನಿಂತಿತು.

ಇನ್ನು ನನ್ನ ಪಕ್ಷ. ಗೋಲಿನ ಬಾಯಿ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಪೆನಾಲ್ಟಿ ಕಾರ್ನರ್‌ನಲ್ಲಿ ಅದನ್ನು ಕಾಯುವವರು ಗೋಲ್‌ಕೀಪರ್ ಸೇರಿ ಐದೇ ಜನ. ಚೆಂಡು ಗೋಲಿನ ಮುಂದೆ ಗೆರೆ ಎಳೆದ ‘ಡಿ’ಯ ಹೊರಗೆ ಹೋಗಿ ನಿಲ್ಲುತ್ತದೆ, ಡ್ರ್ಯಾಗ್ ಫ್ಲಿಕ್ ಮಾಡುವವನು ಅದನ್ನು ಸ್ಟಿಕ್‌ನಲ್ಲೇ ಎಳೆದು ಕವಣೆಯಂತೆ ಬೀಸುತ್ತಾನೆ. ಮೊದಲ ಏಟು ಹಿಟ್ ಆಗಿದ್ದರೆ ಚೆಂಡು 460 ಮಿಲಿಮೀಟರ್‌ಗಿಂತ, ಅಂದರೆ ಗೋಲಿನ ಹಲಗೆಗಿಂತ ಮೇಲೆ ಗೆರೆ ದಾಟುವಂತಿಲ್ಲ. ಫ್ಲಿಕ್‌ಗೆ ಆ ಕಟ್ಟಳೆ ಇಲ್ಲ. ಪಕ್ಕದ ಕ್ಯಾಮೆರಾದಲ್ಲಿ ಇದೆಲ್ಲ ಒಂದು ಗಡಿಬಿಡಿ, ಒಂದು ಸದ್ದು. ಬಲೆಯ ಹಿಂದಿನಿಂದ ನೋಡಿದರೆ ಓಡಿಬರುವವನ ಭುಜ ಯಾವ ಮೂಲೆಗೆ ತೆರೆಯಿತು, ಕೀಪರ್ ಯಾವ ಕಾಲಿಗೆ ಭಾರ ಕೊಟ್ಟ, ಎಲ್ಲ ಬಿಡಿಬಿಡಿ. 2021ರ ಆಗಸ್ಟ್ 5ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ 5–4ರ ಮುನ್ನಡೆ, ಗಡಿಯಾರದಲ್ಲಿ ಏಳು ಸೆಕೆಂಡೂ ಇಲ್ಲ, ಜರ್ಮನಿಗೆ ಪೆನಾಲ್ಟಿ ಕಾರ್ನರ್. ನಮ್ಮ ಕೀಪರ್ ಶ್ರೀಜೇಶ್ ತಡೆದಾಗ ನನ್ನ ಎಡಗೈ ತಾನಾಗಿ ಮೇಲೆದ್ದು ಕಾಫಿ ಲೋಟ ಉರುಳಿತು.

ಹಾಗೆಂದು ಹಿಂದಿನ ಕ್ಯಾಮೆರಾ ಸತ್ಯಸಂಧವೇನಲ್ಲ. ಎಡ–ಬಲ ಚೆನ್ನಾಗಿ ಹೇಳುತ್ತದೆ, ದೂರ ಹೇಳುವುದಿಲ್ಲ. ಜೂಮ್ ಮಾಡಿದ ಲೆನ್ಸಿನಲ್ಲಿ ಹತ್ತು ಮೀಟರ್ ಹಿಂದುಮುಂದಿರುವ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತಂತೆ ಕಾಣುತ್ತಾರೆ. ಇದು ನನಗೆ ಮನದಟ್ಟಾದದ್ದು ನಾನೇ ಕ್ಯಾಮೆರಾದವನಾದಾಗ.

ನಮ್ಮಲ್ಲಿ ಹಾಕಿ ಮನೆತನಗಳ ಆಟ. 1997ರಲ್ಲಿ ಕರಡದಲ್ಲಿ 60 ಒಕ್ಕಗಳ ತಂಡಗಳಿಂದ ಶುರುವಾದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಮುಟ್ಟಿತು. ಊರೂರಲ್ಲೂ ಚಿಕ್ಕಪುಟ್ಟ ಟೂರ್ನಿಗಳು. ಪರದೇಶದಲ್ಲಿರುವವರಿಗಾಗಿ ಹುಡುಗರು ಮೊಬೈಲಿನಲ್ಲೇ ಲೈವ್ ಬಿಡುತ್ತಾರೆ. ಅಂಥದೊಂದು ಪಂದ್ಯದಲ್ಲಿ ಅಣ್ಣನ ಮಗ ತಾನು ಆಡಲಿಕ್ಕಿದೆಯೆಂದು ಮೊಬೈಲನ್ನು ನನ್ನ ಕೈಗಿತ್ತ. ನಾನು ಖುಷಿಯಿಂದ ನಮ್ಮ ಗೋಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಆಟವೆಲ್ಲ ಆಚೆ ಕೊನೆಯಲ್ಲೇ ನಡೆಯಿತು. ಅರ್ಧ ಗಂಟೆಗೆ ದುಬೈಯಿಂದ ಚಿಕ್ಕಮ್ಮನ ಫೋನು: “ಪಂದ್ಯ ನಡೀತಾ ಇದ್ಯಾ, ಮುಗೀತಾ? ಒಬ್ಬನ ಬೆನ್ನು ಮಾತ್ರ ಕಾಣ್ತದೆ.”

ಮರುದಿನ ಅಣ್ಣ ಪಿಕಪ್ ಗಾಡಿಯನ್ನು ಮಧ್ಯಗೆರೆಗೆ ತಂದು ನಿಲ್ಲಿಸಿ, ಅದರ ತಲೆಯ ಮೇಲೆ ಮೊಬೈಲ್ ಕಟ್ಟಿದ. ಗೆದ್ದೆನೆಂದು ಬೀಗುತ್ತಿರುವಾಗಲೇ ಮತ್ತೆ ದುಬೈ: “ಎಲ್ಲ ಇರುವೆ ಹಾಗೆ ಕಾಣ್ತಾರೆ. ನಮ್ಮ ಹುಡುಗ ಇದರಲ್ಲಿ ಯಾರು?”

ಚಿಕ್ಕಮ್ಮನ ಆ ಎರಡು ಫೋನಿನಲ್ಲಿ ನಮ್ಮ ಹಳೇ ಜಗಳ ಬಗೆಹರಿಯಿತು ಎನ್ನಬೇಕು. ಅಣ್ಣ ಕೇಳುವುದು ಚೆಂಡು ಎಲ್ಲಿಗೆ ಹೋಗುತ್ತದೆ ಎಂದು, ನಾನು ಕೇಳುವುದು ಒಳಗೆ ಹೋಯಿತೋ ಇಲ್ಲವೋ ಎಂದು, ಚಿಕ್ಕಮ್ಮ ಕೇಳುವುದು ಹೊಡೆದದ್ದು ಯಾರು ಎಂದು. ಮೂರಕ್ಕೂ ಉತ್ತರ ಬೇರೆ ಬೇರೆ ಕಡೆ ಇದೆ. ಟಿವಿಯವರ ಮೇಲೆ ನನಗೆ ಸಿಟ್ಟು ಬರುವುದು ಅವರು ಒಂದಕ್ಕೆ ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಟ್ಟಾಗ. 2009ರಿಂದ ಫ್ರೀ ಹಿಟ್ ಸಿಕ್ಕವನು ಯಾರಿಗೂ ಪಾಸ್ ಕೊಡದೆ ತಾನೇ ಚೆಂಡು ಹಿಡಿದು ಓಡಬಹುದು. ಆಟ ಉಸಿರು ಬಿಡುವಷ್ಟು ಹೊತ್ತೂ ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ಬಿದ್ದವನ ನೋವಿನ ಮುಖ, ಕೋಚಿನ ಹುಬ್ಬು, ಹಿಂದಿನ ಟ್ಯಾಕಲ್‌ನ ನಿಧಾನಚಿತ್ರ ತೋರಿಸಿ ವಾಪಸ್ ಬರುವಷ್ಟರಲ್ಲಿ ಚೆಂಡು ‘ಡಿ’ಯೊಳಗಿರುತ್ತದೆ. ಯಾರಿಂದ ಯಾರಿಗೆ ಬಂತು ಎಂದು ಅಣ್ಣ ನನ್ನನ್ನು ಕೇಳುತ್ತಾನೆ, ನಾನು ಅವನನ್ನು.

ಹೋದ ಸಲದ ಟೂರ್ನಿಗೆ ಎರಡು ಮೊಬೈಲ್ ಇಟ್ಟೆವು. ಅಣ್ಣ ಪಿಕಪ್ ಮೇಲೆ, ನಾನು ಗೋಲಿನ ಹಿಂದೆ. ಆಟ ಸಮ ಸಮ ಆಗಿ ಶೂಟ್‌ಔಟ್‌ಗೆ ಬಂತು: 23 ಮೀಟರ್ ಗೆರೆಯಿಂದ ಒಬ್ಬ ಓಡಿಬರುತ್ತಾನೆ, ಎದುರಿಗೆ ಕೀಪರ್ ಒಬ್ಬನೇ, ಎಂಟು ಸೆಕೆಂಡು. ಪಾಸಿಲ್ಲ, ದಾರಿಗಳಿಲ್ಲ. ಮೊದಲನೆಯವನು ಚೆಂಡಿಟ್ಟುಕೊಳ್ಳುವಷ್ಟರಲ್ಲಿ ಹಿಂದೆ ಹೆಜ್ಜೆ ಸದ್ದಾಯಿತು. ಅಣ್ಣ ಗಾಡಿಯಿಂದ ಇಳಿದು ಏದುಸಿರು ಬಿಡುತ್ತ ಬಂದಿದ್ದ.

“ಸ್ವಲ್ಪ ಜರುಗು” ಎಂದ.