ಕಾಡುಕೋಣದ ಆರೋಗ್ಯ ಊರ ಕೊಟ್ಟಿಗೆಯಲ್ಲಿದೆ

ಹುಲ್ಲು, ಲಸಿಕೆ, ಓಡಾಡಲು ದಾರಿ: ರಾಧಾನಗರಿಯ ಹಿಂಡುಗಳಿಗೆ ಬೇಕಿರುವುದು ಈ ಮೂರು

ಕೊಲ್ಹಾಪುರದಿಂದ ಸುಮಾರು 80 ಕಿ.ಮೀ. ದೂರದ ದಾಜೀಪುರ ಒಂದು ಕಾಲಕ್ಕೆ ಅರಸರ ಬೇಟೆಯ ಕಾಡು. 1958ರಲ್ಲಿ ಅದು ಕಾಡುಕೋಣಗಳಿಗೆಂದೇ ಮೀಸಲಾಯಿತು. ಮಹಾರಾಷ್ಟ್ರದ ಮೊದಲ ವನ್ಯಧಾಮ ಎಂಬ ಹೆಸರೂ ಅದಕ್ಕೇ. 1985ರಲ್ಲಿ ವಿಸ್ತರಣೆಗೊಂಡು ರಾಧಾನಗರಿ ವನ್ಯಜೀವಿಧಾಮವಾದ ಈ ಕಾಡಿನ ವಿಸ್ತಾರ 351 ಚದರ ಕಿ.ಮೀ. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಮೊದಲು ಮೇವು

ಸಾವಿರ ಕಿಲೊವರೆಗೆ ತೂಗುವ ಗೂಳಿಯ ಹೊಟ್ಟೆ ತುಂಬಿಸುವುದು ಸುಲಭದ ಮಾತಲ್ಲ. ಇಲ್ಲಿ ಮೇವಿನ ಬಯಲೆಂದರೆ ಸಹ್ಯಾದ್ರಿಯ ನೆತ್ತಿಯ ಮುರಕಲ್ಲಿನ 'ಸಡಾ'ಗಳು. ಮಳೆಗೆ ಚಿಗುರುವ ಹುಲ್ಲು ಬೇಸಿಗೆಗೆ ಒಣಗಿ ನಿಲ್ಲುತ್ತದೆ. ಒಂದು ಕಿಡಿ ಸಾಕು, ಗುಡ್ಡವೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಗೆ ಮೊದಲೇ ಬೆಂಕಿರೇಖೆ ಬಿಡಿಸಬೇಕು, ಲಂಟಾನದಂಥ ಕಳೆ ಕೀಳಬೇಕು, ನೀರಿನ ಹೊಂಡಗಳ ಹೂಳೆತ್ತಬೇಕು.

ಬೇಲಿಯಿಲ್ಲದ ರೋಗ

ಸಾಕುಪ್ರಾಣಿಯ ರೋಗ ಕಾಡಿಗೂ ದಾಟುತ್ತದೆ. ಅಮೆರಿಕದ ಬೆಟ್ಟಗಳ ಬಿಗ್‌ಹಾರ್ನ್ ಕಾಡುಕುರಿಗಳಿಗೆ ಸಾಕುಕುರಿಗಳಿಂದ ಹರಡುವ ನ್ಯುಮೋನಿಯಾ ಹಿಂಡುಗಳನ್ನೇ ಬರಿದು ಮಾಡಿದೆ. ಸಾಕಿದ ಕುರಿ ಕಾಡುಕುರಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು ಅಲ್ಲಿನ ಮುಖ್ಯ ಕೆಲಸ. ನಮಗೂ ಆ ಪಾಠ ಆಗಿದೆ. 1968ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳಲ್ಲಿ ದನಗಳ ದೊಡ್ಡರೋಗಕ್ಕೆ ಅಸಂಖ್ಯ ಕಾಡುಕೋಣಗಳು ಸತ್ತವು. ಆ ರೋಗ ಜಗತ್ತಿನಿಂದಲೇ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. ಆದರೆ ದನ, ಎಮ್ಮೆಗಳಿಂದ ಕಾಡುಕೋಣಕ್ಕೂ ತಗಲುವ ಕಾಲುಬಾಯಿ ಜ್ವರ ಅಳಿದಿಲ್ಲ. ರಾಧಾನಗರಿಯ ಸುತ್ತ ಗವಳಿ ಧನಗರರ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿವೆ. ಅವರನ್ನು ಗದರಿಸಿ ಓಡಿಸುವುದಕ್ಕಿಂತ, ಪಶುವೈದ್ಯರು ವಾಡಿಗೇ ಹೋಗಿ ವರುಷವೂ ತಪ್ಪದೆ ಲಸಿಕೆ ಹಾಕುವುದು ಮೇಲು. ಆ ಸೂಜಿ ಎಮ್ಮೆಯನ್ನೂ ಕಾಯುತ್ತದೆ, ಕಾಡುಕೋಣವನ್ನೂ ಕಾಯುತ್ತದೆ.

ಕಬ್ಬಿನಲ್ಲಿ ಕೋಣ

ಹಿಂಡಿಗೆ ವನ್ಯಧಾಮದ ಗಡಿ ಗೊತ್ತಿಲ್ಲ, ರಾಜ್ಯದ ಗಡಿಯಂತೂ ಮೊದಲೇ ಗೊತ್ತಿಲ್ಲ. ದಾಜೀಪುರದಿಂದ ಆಜರಾ, ಚಂದಗಡ, ತಿಲಾರಿ ಹಾದು ನಮ್ಮ ಖಾನಾಪುರದ ಭೀಮಗಡದವರೆಗೆ ಕಾಡಿನ ಸಾಲಿದೆ. ನಡುವೆ ಅಲ್ಲಲ್ಲಿ ತುಂಡಾದ ಕಡೆ ಎದುರಾಗುವುದು ಹೊಲ. ಗಡಹಿಂಗ್ಲಜ ಸೀಮೆಯ ಕಬ್ಬು ಹಸಿದ ಕೋಣಕ್ಕೆ ಮೇವೂ ಹೌದು, ಮರೆಯೂ ಹೌದು. ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ತಡವಾದಷ್ಟೂ ಕಾಡಿನ ಮೇಲಿನ ಸಿಟ್ಟು ಬಲಿಯುತ್ತದೆ. ಹಾನಿಯ ಪಂಚನಾಮೆ ಬೇಗ ಮುಗಿಸಿ ಹಣ ಕೈಗಿಡುವುದೂ ವನ್ಯಜೀವಿ ಸಂರಕ್ಷಣೆಯೇ.

ಇನ್ನು ಮಂದಿಯ ಗದ್ದಲ. 2020ರ ಡಿಸೆಂಬರ್‌ನಲ್ಲಿ ಪುಣೆಯ ಕೋಥರೂಡಕ್ಕೆ ಬಂದ ಕಾಡುಕೋಣದ ಬೆನ್ನಿಗೆ ಜನ ಬಿದ್ದರು. ಗಂಟೆಗಟ್ಟಲೆ ಓಡಿ ಬಸವಳಿದ ಅದು ಅರಿವಳಿಕೆ ಕೊಟ್ಟು ಹಿಡಿದ ಮೇಲೆ ಸತ್ತಿತು. ಅಷ್ಟು ದೊಡ್ಡ ದೇಹ ಭಯ, ದಣಿವು, ಕಾವನ್ನು ಒಟ್ಟಿಗೆ ತಾಳದು.

ಆದ್ದರಿಂದ ಗಡಿಯ ಎರಡೂ ಬದಿಯ ಓದುಗರಲ್ಲಿ ಒಂದೇ ವಿನಂತಿ. ಹೊಲದಲ್ಲಿ ಕಾಡುಕೋಣ ಕಂಡರೆ ಮೊಬೈಲ್ ಹಿಡಿದು ಬೆನ್ನು ಹತ್ತಬೇಡಿ, ಕಲ್ಲು ಬೀರಬೇಡಿ, ನಾಯಿ ಬಿಡಬೇಡಿ. ದೂರ ಸರಿದು ಕಾಡಿನ ಕಡೆಯ ದಾರಿ ತೆರವು ಮಾಡಿ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.